ಅತ್ತೆಯ ಜೊತೆ ಯೂರೋಪಿಗೆ ಮೊದಲ ಮೋಟರ್‌ಹೋಮ್ ಪ್ರವಾಸ: ಗೊತ್ತಿರುವವರು ಸಲಹೆ ಕೊಡಿ

ಶಿರಾಗೇಟ್ ಸುಮಾ, ತುಮಕೂರು

ಎಲ್ಲರಿಗೂ ನಮಸ್ಕಾರ. ಮುಂದಿನ ಮೇ ತಿಂಗಳು, ಮಗನ ಬೇಸಿಗೆ ರಜೆಯಲ್ಲಿ, ಯೂರೋಪಿಗೆ ಹೋಗೋಣ ಅಂತ ಮನೆಯಲ್ಲಿ ತೀರ್ಮಾನವಾಗಿದೆ. ನಾನು, ನಮ್ಮ ಯಜಮಾನರು, ಎಂಟನೇ ಕ್ಲಾಸಿನ ಮಗ, 71 ವರ್ಷದ ನಮ್ಮತ್ತೆ. ಸುಮಾರು ಮೂರು ವಾರ ಕೈಯಲ್ಲಿದೆ.

ಪ್ಯಾಕೇಜ್ ಟೂರಿನಲ್ಲಿ ಹೋಗಬಹುದಲ್ಲ ಅಂತ ಎಲ್ಲರೂ ಕೇಳುತ್ತಾರೆ. ನಮ್ಮತ್ತೆ ಹೊರಗೆ ಬೇಯಿಸಿದ್ದನ್ನು ತಿನ್ನುವುದಿಲ್ಲ. ಸಿದ್ಧಗಂಗೆಗೆ ಹೋದರೆ ದಾಸೋಹದಲ್ಲಿ ಊಟ ಮಾಡುತ್ತಾರೆ. ಉಳಿದ ಕಡೆಗೆಲ್ಲ ಬುತ್ತಿ ಕಟ್ಟಲೇಬೇಕು. ಅದನ್ನು ಬದಲಾಯಿಸಲು ನಾನು ಹೋಗುವುದಿಲ್ಲ, ಅದು ಅವರ ನಡೆ. ಆದರೆ ಅವರಿಗೆ ಹಿಮದ ಬೆಟ್ಟ ನೋಡುವ ಆಸೆ ಬಹಳ ಹಳೆಯದು. ಮಾವನವರು ಇದ್ದಾಗ ಅಂಗಡಿಗೆ ಬರುತ್ತಿದ್ದ ಕ್ಯಾಲೆಂಡರುಗಳಲ್ಲಿ ಆಲ್ಪ್ಸ್ ಚಿತ್ರ ಇರುತ್ತಿತ್ತಂತೆ. ವರ್ಷ ಮುಗಿದ ಮೇಲೂ ಆ ಹಾಳೆಗಳನ್ನು ಎಸೆಯದೆ ಇಟ್ಟುಕೊಂಡಿದ್ದಾರೆ. ಈ ಸಲ ಕೇಳಿದಾಗ "ಒಲೆ ಜೊತೆಗೆ ಬಂದರೆ ನಾನೂ ಬರುತ್ತೇನೆ" ಅಂದರು. ಅದಕ್ಕೇ ಮೋಟರ್‌ಹೋಮ್, ಅಂದರೆ ಒಲೆ, ಹಾಸಿಗೆ, ಟಾಯ್ಲೆಟ್ ಎಲ್ಲ ಒಳಗೇ ಇರುವ ಗಾಡಿ.

ಗಾಡಿ ಓಡಿಸುವವಳು ನಾನೇ. ಅಂಗಡಿ ಸರಕಿನ ಬೊಲೆರೋ ಪಿಕಪ್, ಮನೆಯ ಇನ್ನೋವಾ ಎರಡನ್ನೂ ಓಡಿಸುತ್ತೇನೆ. ಹಬ್ಬದ ಹಿಂದಿನ ಸಂಜೆಯ ಬಿ.ಎಚ್. ರಸ್ತೆಯೂ ಅಭ್ಯಾಸ, ದೇವರಾಯನದುರ್ಗದ ತಿರುವುಗಳೂ ಅಭ್ಯಾಸ. ರಸ್ತೆಯ ಬಲಗಡೆ ಮಾತ್ರ ಓಡಿಸಿಲ್ಲ.

ಮಗ ಮಾಡಿದ ದಾರಿ ಹೀಗಿದೆ: ಫ್ರಾಂಕ್‌ಫರ್ಟ್, ಆಮ್‌ಸ್ಟರ್‌ಡ್ಯಾಮ್, ಪ್ಯಾರಿಸ್, ಸ್ವಿಟ್ಜರ್ಲೆಂಡ್, ರೋಮ್, ವೆನಿಸ್, ಪ್ರಾಗ್, ವಾಪಸ್ ಫ್ರಾಂಕ್‌ಫರ್ಟ್. ಇದು ಮೂರು ವಾರಕ್ಕೆ ಆಗುತ್ತದಾ? ಅತ್ತೆಗೆ ಮೊಣಕಾಲು ನೋವಿದೆ, ಯಾವ ತರಹದ ಗಾಡಿ ತೆಗೆದುಕೊಳ್ಳಬೇಕು? ಟಾಯ್ಲೆಟ್, ನೀರು, ಗ್ಯಾಸ್ ಇದೆಲ್ಲ ಹೇಗೆ ನಡೆಯುತ್ತದೆ? ನನ್ನ ಲೈಸೆನ್ಸ್ ಸಾಕಾ? ಬೇಳೆ, ಹಿಟ್ಟು ಏನೇನು ತೆಗೆದುಕೊಂಡು ಹೋಗಬಹುದು? ಹೋಗಿ ಬಂದವರು ದಯವಿಟ್ಟು ವಿವರವಾಗಿ ಬರೆಯಿರಿ.

ನಂದಿ ತಪ್ಪಲಿನ ತೋಟ, ಚಿಕ್ಕಬಳ್ಳಾಪುರ

ಸುಮಕ್ಕ, ನಮಸ್ಕಾರ. ನಾವು ದ್ರಾಕ್ಷಿ ಬೆಳೆಯುವವರು. ಕೊಯ್ಲು ಮುಗಿದ ಮೇಲೆ ಮನೆಯವರನ್ನು ಕರೆದುಕೊಂಡು ಇಂಥ ಗಾಡಿಯಲ್ಲಿ ಜರ್ಮನಿ, ಆಸ್ಟ್ರಿಯಾ, ಇಟಲಿ, ಫ್ರಾನ್ಸಿನ ಅಲ್ಸಾಸ್ ಕಡೆ ಓಡಾಡಿದ್ದೇವೆ. ನೀವು ಅತ್ತೆಗೋಸ್ಕರ ಗಾಡಿ ಹುಡುಕುತ್ತಿದ್ದೀರಿ, ಓದಿ ತುಂಬ ಖುಷಿಯಾಯಿತು. ಹಾಗಾಗಿ ಅವರ ಮೊಣಕಾಲಿನಿಂದಲೇ ಶುರು ಮಾಡೋಣ. ಊರುಗಳ ಪಟ್ಟಿ ಆಮೇಲೆ.

ಬಾಡಿಗೆ ಗಾಡಿಗಳಲ್ಲಿ ಕುಟುಂಬದವರಿಗೆ ಅಂತ ಮೊದಲು ತೋರಿಸುವುದು ಅಲ್ಕೋವ್. ಡ್ರೈವರ್ ತಲೆಯ ಮೇಲೆ ದೊಡ್ಡ ಹಾಸಿಗೆ, ಏಣಿ ಹತ್ತಬೇಕು. ಹಿಂದೆ ಎರಡು ಒಂಟಿ ಹಾಸಿಗೆ ಇರುವ ಗಾಡಿಗಳೂ ಇವೆ. ಆದರೆ ಆ ಹಾಸಿಗೆಗಳ ಕೆಳಗೆ ಸೈಕಲ್, ಕುರ್ಚಿ ಇಡುವ ಜಾಗ ಮಾಡಿರುತ್ತಾರೆ. ಅದರಿಂದ ಹಾಸಿಗೆ ಎದೆಯ ಮಟ್ಟಕ್ಕೆ ಹೋಗಿಬಿಡುತ್ತದೆ. ನಿಮಗೆ ಬೇಕಾದದ್ದು ಸೆಮಿ ಇಂಟಿಗ್ರೇಟೆಡ್ ಅನ್ನುವ ನಮೂನೆ. ಅದರಲ್ಲೂ ಹಿಂದುಗಡೆ ಕ್ವೀನ್ ಬೆಡ್ ಇರುವಂಥದ್ದು. ಅದು ತಗ್ಗಾಗಿರುತ್ತದೆ, ಎರಡೂ ಪಕ್ಕದಿಂದ ಇಳಿಯಬಹುದು. ರಾತ್ರಿ ಎದ್ದರೆ ಯಾರನ್ನೂ ದಾಟಬೇಕಿಲ್ಲ, ಟಾಯ್ಲೆಟ್ ಪಕ್ಕದಲ್ಲೇ ಇರುತ್ತದೆ. ಮುಂದುಗಡೆ ಸೂರಿನಿಂದ ಕೆಳಗೆ ಇಳಿಸುವ ಇನ್ನೊಂದು ಹಾಸಿಗೆ ಇರುತ್ತದೆ. ಹಿಂದೆ ನೀವೂ ಅತ್ತೆಯೂ, ಮುಂದೆ ಅಪ್ಪ ಮಗ. ಬುಕ್ ಮಾಡುವ ಮುಂಚೆ ಹಾಸಿಗೆಯ ಎತ್ತರ, ಬಾಗಿಲ ಮೆಟ್ಟಿಲಿನ ಎತ್ತರ ಎರಡನ್ನೂ ಸೆಂಟಿಮೀಟರಿನಲ್ಲಿ ಬರೆದು ಕಳಿಸಿ ಅಂತ ಕೇಳಿ. ಕೊಡುತ್ತಾರೆ.

ಇನ್ನೊಂದು ಮುಖ್ಯ. ಹಾಸಿಗೆ ನಾಲ್ಕು ಇದ್ದ ಮಾತ್ರಕ್ಕೆ ಸೀಟ್ ಬೆಲ್ಟ್ ನಾಲ್ಕು ಇರುತ್ತದೆ ಅಂತಿಲ್ಲ. ಬೆಲ್ಟ್ ಎಷ್ಟು ಅಂತ ಬೇರೆಯಾಗಿ ಕೇಳಿ. ಗಾಡಿ ಹೊರಟ ಮೇಲೆ ಎಲ್ಲರೂ ಬೆಲ್ಟ್ ಹಾಕಿ ಕೂತಿರಬೇಕು. ಹಿಂದೆ ಮಲಗುವುದು, ಒಲೆ ಹಚ್ಚುವುದು ಎರಡೂ ಇಲ್ಲ.

ಈಗ ಮಗನ ಪಟ್ಟಿ. ಅವನ ಉತ್ಸಾಹ ನನಗೆ ಇಷ್ಟವಾಯಿತು. ಆದರೆ ಅದನ್ನು ಹಾಗೇ ಇಟ್ಟುಕೊಂಡರೆ ನಿಮ್ಮ ಪ್ರವಾಸ ಪೂರ್ತಿ ಹೆದ್ದಾರಿಯಲ್ಲಿ ಮುಗಿಯುತ್ತದೆ. ಪ್ಯಾರಿಸ್‌ನಿಂದ ಆಮ್‌ಸ್ಟರ್‌ಡ್ಯಾಮಿಗೆ 500 ಕಿ.ಮೀ. ಮೇಲಿದೆ. ರೋಮ್‌ನಿಂದ ವೆನಿಸ್ ಕೂಡ ಅಷ್ಟೇ. ಆರೇಳು ಮೀಟರ್ ಉದ್ದ, ಮೂರು ಮೀಟರ್ ಹತ್ತಿರ ಎತ್ತರದ ಗಾಡಿ ಇನ್ನೋವಾ ಹಾಗೆ ಓಡುವುದಿಲ್ಲ. ಅಂಗಡಿಗೆ ನಿಲ್ಲಿಸಬೇಕು, ನೀರು ತುಂಬಬೇಕು, ಕತ್ತಲಾಗುವ ಮುಂಚೆ ಜಾಗ ಹಿಡಿಯಬೇಕು. ಒಂದು ದಿನಕ್ಕೆ 150 ಕಿ.ಮೀ. ಸಾಕು. ಒಂದೊಂದು ಕಡೆ ಎರಡು ಮೂರು ರಾತ್ರಿ ಇರಿ. ಪ್ಯಾರಿಸ್, ರೋಮ್, ಪ್ರಾಗ್ ಇವೆಲ್ಲ ರೈಲಿನಲ್ಲಿ ಹೋಗಿ ಹೋಟೆಲಿನಲ್ಲಿ ಉಳಿದು ನೋಡುವ ಊರುಗಳು. ಮೋಟರ್‌ಹೋಮ್‌ಗೆ ಅಲ್ಲಿ ಜಾಗವೂ ಇಲ್ಲ, ಖುಷಿಯೂ ಇಲ್ಲ. ಈ ಗಾಡಿ ಇರುವುದು ಸರೋವರದ ದಡಕ್ಕೆ, ಬೆಟ್ಟದ ಬುಡಕ್ಕೆ, ಸಣ್ಣ ಊರಿನ ಅಂಚಿಗೆ. ನಿಮ್ಮತ್ತೆ ನೋಡಬೇಕು ಅಂತಿರುವುದೂ ಅದೇ ಅಲ್ವಾ?

ನಾನು ಹೇಳುವ ದಾರಿ ಇದು. ಬೆಂಗಳೂರಿನಿಂದ ಮ್ಯೂನಿಕ್. ಅಲ್ಲಿ ಗಾಡಿ ತೆಗೆದುಕೊಂಡು ಪೂರ್ವಕ್ಕೆ ಕೀಮ್‌ಸೇ ಸರೋವರ. ಅಲ್ಲಿಂದ ಸಾಲ್ಸ್‌ಬರ್ಗ್, ಅದರ ಹಿಂದಿನ ವೋಲ್ಫ್‌ಗಾಂಗ್ ಸರೋವರ. ಆಮೇಲೆ ಇನ್ಸ್‌ಬ್ರುಕ್ ಮೇಲೆ ಬ್ರೆನ್ನರ್ ಘಾಟಿ ದಾಟಿ ಇಟಲಿಯ ದಕ್ಷಿಣ ಟೈರೋಲ್, ಗಾರ್ಡಾ ಸರೋವರ, ವೆನಿಸ್. ವೆನಿಸ್‌ನಲ್ಲಿ ಗಾಡಿಯನ್ನು ಫುಸಿನಾದಲ್ಲಿ ನಿಲ್ಲಿಸಿ, ಅಲ್ಲಿಂದ ದೋಣಿ ಹತ್ತಿದರೆ ನೇರ ಊರೊಳಗೆ ಇಳಿಸುತ್ತದೆ. ಅತ್ತೆಗೆ ನಡಿಗೆ ಕಡಿಮೆ. ವಾಪಸ್ ಬರುವಾಗ ಮೆರಾನೋ ಮೇಲೆ ರೆಶೆನ್ ಘಾಟಿ. 1,500 ಮೀಟರ್ ಎತ್ತರ, ಆದರೆ ರಸ್ತೆ ಸಲೀಸು. ಅಲ್ಲೊಂದು ಜಲಾಶಯವಿದೆ. 1950ರಲ್ಲಿ ಗ್ರೌನ್ ಅನ್ನುವ ಹಳ್ಳಿ ಅದರಲ್ಲಿ ಮುಳುಗಿತು. ಚರ್ಚಿನ ಗೋಪುರ ಮಾತ್ರ ಇವತ್ತೂ ನೀರಿನ ಮಧ್ಯೆ ನಿಂತಿದೆ. ಕೊನೆಗೆ ಫುಸ್ಸೆನ್, ಗಾರ್ಮಿಶ್, ಮ್ಯೂನಿಕ್. ಅಲ್ಲಿ ಇಲ್ಲಿ ತಿರುಗಾಟ ಸೇರಿ ಸುಮಾರು 1,500 ಕಿ.ಮೀ. ಮೂರೇ ದೇಶ.

ಹಿಮ ಮುಟ್ಟಬೇಕು ಅಂದರೆ ಗಾರ್ಮಿಶ್‌ನಿಂದ ಹಲ್ಲುಗಾಲಿ ರೈಲು ಹತ್ತಿ ತ್ಸುಗ್‌ಶ್ಪಿಟ್ಸೆಗೆ ಹೋಗಿ. 2,962 ಮೀಟರ್, ಜರ್ಮನಿಯ ಅತಿ ಎತ್ತರದ ಬೆಟ್ಟ. ಮೇ ತಿಂಗಳಲ್ಲಿ ಮೇಲೆ ಹಿಮ ಇರುತ್ತದೆ. ಮೊಣಕಾಲು ನೋವಿರುವವರೂ ಕೂತುಕೊಂಡೇ ತಲುಪಬಹುದು. ರಕ್ತದೊತ್ತಡ ಇದ್ದರೆ ಮಾತ್ರ ಅಷ್ಟು ಎತ್ತರಕ್ಕೆ ಹೋಗುವ ಬಗ್ಗೆ ಡಾಕ್ಟರನ್ನು ಮೊದಲೇ ಕೇಳಿ. ಮಗ ಯೂಟ್ಯೂಬಿನಲ್ಲಿ ಸ್ಟೆಲ್ವಿಯೋ ಘಾಟಿ ನೋಡಿ ಹೋಗೋಣ ಅನ್ನಬಹುದು. 48 ಹೇರ್‌ಪಿನ್ ತಿರುವುಗಳಿವೆ, 2,757 ಮೀಟರ್ ಎತ್ತರ. ಮೇನಲ್ಲಿ ಬಹುತೇಕ ಹಿಮದಿಂದ ಮುಚ್ಚಿರುತ್ತದೆ. ತೆರೆದಿದ್ದರೂ ಏಳು ಮೀಟರ್ ಗಾಡಿಗೆ ಅದು ಬೇಡವೇ ಬೇಡ.

ದಕ್ಷಿಣ ಟೈರೋಲ್ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ನಾನು ರೈತ. ಅಲ್ಲಿ ಹಳೆಯ ದ್ರಾಕ್ಷಿ ತೋಟಗಳಲ್ಲಿ ಬಳ್ಳಿಯನ್ನು ಮರದ ಚಪ್ಪರಕ್ಕೆ ಹಬ್ಬಿಸುತ್ತಾರೆ. ನಮ್ಮಲ್ಲಿ ಕಲ್ಲು ಕಂಬ, ತಂತಿ. ಅಲ್ಲಿ ಮರ. ಚಪ್ಪರದ ಕೆಳಗೆ ನಿಂತು ಮೇಲೆ ನೋಡಿದರೆ ನಮ್ಮ ತೋಟದ ನೆರಳೇ ಅನ್ನಿಸಿತು. ಕಣಿವೆಯ ತಳದಲ್ಲಿ ಕಿಲೋಮೀಟರುಗಟ್ಟಲೆ ಸೇಬಿನ ತೋಟ. ಏಪ್ರಿಲ್‌ನಲ್ಲಿ ಹೂ ಬಿಟ್ಟಾಗ ರಾತ್ರಿ ಚಳಿ ಸೊನ್ನೆಗಿಂತ ಕೆಳಗೆ ಇಳಿದರೆ, ಸ್ಪ್ರಿಂಕ್ಲರಿನಿಂದ ಹೂವಿನ ಮೇಲೆ ನೀರು ಹೊಡೆಯುತ್ತಲೇ ಇರುತ್ತಾರೆ. ನೀರು ಮಂಜುಗಡ್ಡೆಯಾಗುವಾಗ ಬಿಡುವ ಶಾಖ ಹೂವನ್ನು ಕಾಪಾಡುತ್ತದೆ. ನೀರು ಅಷ್ಟು ಧಾರಾಳವಾಗಿ ಇರುವ ಕಣಿವೆ ಅದು. ನಮ್ಮ ಕಡೆ ಸಾವಿರ ಅಡಿ ಬೋರ್ ಕೊರೆಸುವವರಿಗೆ ಅದನ್ನು ನೋಡುವುದೇ ಒಂದು ಪಾಠ. ಅಲ್ಲಿ ಎರಡು ರಾತ್ರಿ ಇರಿ.

ಫ್ರಾನ್ಸ್ ಕಡೆ ಇನ್ನೊಂದು ಸಲ ಹೋಗುವುದಾದರೆ ನೆನಪಿಡಿ. ಅಲ್ಲಿ ಫ್ರಾನ್ಸ್ ಪ್ಯಾಸಿಯೋನ್ ಅನ್ನುವ ಏರ್ಪಾಡು ಇದೆ. ಸದಸ್ಯರಾದರೆ ದ್ರಾಕ್ಷಿ ಬೆಳೆಗಾರರು, ರೈತರು ತಮ್ಮ ಜಮೀನಿನಲ್ಲಿ ಒಂದು ರಾತ್ರಿ ದುಡ್ಡಿಲ್ಲದೆ ಗಾಡಿ ನಿಲ್ಲಿಸಲು ಬಿಡುತ್ತಾರೆ. ಹೋಗಿ ಮಾತಾಡಿಸಿ, ನಮಸ್ಕಾರ ಹೇಳಬೇಕು, ಅಷ್ಟೇ. ಅಲ್ಸಾಸ್‌ನ ಒಬ್ಬ ರೈತರ ಜೊತೆ ನಾವು ಕತ್ತರಿ ಹಾಕುವ ಕಾಲದ ಬಗ್ಗೆ ಕೈಸನ್ನೆಯಲ್ಲೇ ಬಹಳ ಹೊತ್ತು ಮಾತಾಡಿದೆವು.

ಖರ್ಚಿನ ಅಂದಾಜು: ಮೇನಲ್ಲಿ ಇಂಥ ಗಾಡಿಗೆ ದಿನಕ್ಕೆ 110ರಿಂದ 160 ಯೂರೋ. ಜುಲೈ, ಆಗಸ್ಟ್‌ನಲ್ಲಿ ಇನ್ನೂ ಜಾಸ್ತಿ. ಕ್ಯಾಂಪಿಂಗ್ ಜಾಗಕ್ಕೆ, ಅಂದರೆ ಗಾಡಿ ನಿಲ್ಲಿಸಿ ರಾತ್ರಿ ಉಳಿಯುವ ಜಾಗಕ್ಕೆ, ನಾಲ್ಕು ಜನಕ್ಕೆ ರಾತ್ರಿಗೆ 35ರಿಂದ 55. ಡೀಸೆಲ್ 100 ಕಿ.ಮೀ.ಗೆ ಹತ್ತು ಹನ್ನೆರಡು ಲೀಟರ್ ಕುಡಿಯುತ್ತದೆ. ಠೇವಣಿ ಅಂತ 1,000ದಿಂದ 2,000 ಯೂರೋ ತಡೆಹಿಡಿಯುತ್ತಾರೆ. ಅದಕ್ಕೆ ಓಡಿಸುವವರ ಹೆಸರಿನ ಕ್ರೆಡಿಟ್ ಕಾರ್ಡೇ ಬೇಕು. ನೀವು ಓಡಿಸುವುದರಿಂದ ಕಾರ್ಡ್ ನಿಮ್ಮ ಹೆಸರಲ್ಲಿರಲಿ, ಅದರ ಮಿತಿಯನ್ನು ಈಗಲೇ ಏರಿಸಿಕೊಳ್ಳಿ. ಯಜಮಾನರ ಕಾರ್ಡ್, ಫಾರೆಕ್ಸ್ ಕಾರ್ಡ್ ನಂಬಿಕೊಂಡು ಹೋಗಬೇಡಿ.

ಕ್ಯಾತ್ಸಂದ್ರ ಮೇಷ್ಟ್ರು

ಲೈಸೆನ್ಸ್, ವೀಸಾ ಎರಡರ ಬಗ್ಗೆ ಮಾತ್ರ ಹೇಳುತ್ತೇನಮ್ಮ.

ನಿಮ್ಮ ಕಾರಿನ ಲೈಸೆನ್ಸಿಗೆ ಅಲ್ಲಿ 3,500 ಕೆ.ಜಿ.ವರೆಗಿನ ಗಾಡಿ ಓಡಿಸಬಹುದು. ಇದು ಖಾಲಿ ಗಾಡಿಯ ತೂಕ ಅಲ್ಲ, ಜನ, ನೀರು, ಸಾಮಾನು ಎಲ್ಲ ಸೇರಿದ ಗರಿಷ್ಠ ತೂಕ. ಜೊತೆಗೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಬೇಕು. ನಮ್ಮ ತುಮಕೂರು ಆರ್‌ಟಿಒದಲ್ಲೇ ಮಾಡಿಸಬಹುದು. ಪರಿವಾಹನ್ ಸಾರಥಿ ಜಾಲತಾಣದಲ್ಲಿ ಅರ್ಜಿ, ಪಾಸ್‌ಪೋರ್ಟ್, 1,000 ರೂಪಾಯಿ ಶುಲ್ಕ. ಒಂದು ವರ್ಷ ನಡೆಯುತ್ತದೆ. ಪರ್ಮಿಟ್ ಜೊತೆ ಮೂಲ ಲೈಸೆನ್ಸೂ ಕೈಯಲ್ಲಿರಬೇಕು. ಒಂದು ಬಿಟ್ಟು ಇನ್ನೊಂದು ತೋರಿಸಿದರೆ ನಡೆಯುವುದಿಲ್ಲ. ಯಜಮಾನರಿಗೂ ಒಂದು ಮಾಡಿಸಿಡಿ.

ಷೆಂಗೆನ್ ವೀಸಾಕ್ಕೆ, ಅಂದರೆ ಯೂರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾಕ್ಕೆ, ಆರು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು. ಮೇ ಪ್ರವಾಸಕ್ಕೆ ಅಂದರೆ ಡಿಸೆಂಬರ್, ಜನವರಿಯಲ್ಲೇ ಬೆಂಗಳೂರಿನಲ್ಲಿ ಅಪಾಯಿಂಟ್‌ಮೆಂಟ್ ಹಿಡಿಯಿರಿ. ಯಾವ ದೇಶದಲ್ಲಿ ಜಾಸ್ತಿ ರಾತ್ರಿ ಇರುತ್ತೀರೋ ಆ ದೇಶಕ್ಕೆ ಅರ್ಜಿ. ರಾತ್ರಿಗಳು ಸಮಸಮ ಆದರೆ ಮೊದಲು ಕಾಲಿಡುವ ದೇಶಕ್ಕೆ. ಶುಲ್ಕ ದೊಡ್ಡವರಿಗೆ 90 ಯೂರೋ. ಹನ್ನೆರಡು ದಾಟಿದ ಮಗನಿಗೂ ಅಷ್ಟೇ. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ಅತ್ತೆಯವರಿಗೆ ಹಿರಿಯರ ಪಾಲಿಸಿ ಬೇರೆ ತೆಗೆದುಕೊಳ್ಳಿ. ಈಗಿರುವ ಕಾಯಿಲೆಗಳನ್ನು ಅದರಲ್ಲಿ ಮುಚ್ಚಿಡದೆ ಬರೆಯಿಸಿ. ಹೋಟೆಲ್ ಬುಕಿಂಗ್ ಬದಲು ಮೋಟರ್‌ಹೋಮ್ ಬಾಡಿಗೆ ಕರಾರು, ಕ್ಯಾಂಪ್ ಜಾಗಗಳ ಬುಕಿಂಗ್, ದಿನವಹಿ ದಾರಿ ಮೂರನ್ನೂ ಜೋಡಿಸಿ ಕೊಡಿ. ಅದು ಒಂದಕ್ಕೊಂದು ತಾಳೆಯಾಗಬೇಕು.

2025ರ ಅಕ್ಟೋಬರ್ 12ರಿಂದ ಗಡಿಯಲ್ಲಿ ಬೆರಳಚ್ಚು, ಫೋಟೋ ತೆಗೆಯುವ ಹೊಸ ಪದ್ಧತಿ ಶುರುವಾಗಿದೆ. ವಿಮಾನ ಇಳಿದ ಮೇಲೆ ಸಾಲಿನಲ್ಲಿ ಹೊತ್ತು ಹಿಡಿಯಬಹುದು. ಅತ್ತೆಯವರಿಗೆ ಟಿಕೆಟ್ ಮಾಡುವಾಗಲೇ ಗಾಲಿಕುರ್ಚಿ ಕೇಳಿಬಿಡಿ. ಅದು ಉಚಿತ, ಸಂಕೋಚ ಬೇಡ.

ಕೆಜಿಎಫ್ ಹುಡುಗ, ಈಗ ಉಲ್ಮ್

ನಾನು ಕೆಜಿಎಫ್‌ನವನು, ಕೆಲಸಕ್ಕೆ ಜರ್ಮನಿಯ ಉಲ್ಮ್‌ನಲ್ಲಿದ್ದೇನೆ. ಚಿಕ್ಕಬಳ್ಳಾಪುರದ ಅಣ್ಣ ಹೇಳಿದ ದಾರಿ ತುಂಬ ಚೆನ್ನಾಗಿದೆ. ಇಲ್ಲೇ ಇರುವವನಾಗಿ ಕೆಲವು ವಿಷಯ ಸೇರಿಸುತ್ತೇನೆ ಅಕ್ಕ.

ಮೊದಲು ತಾರೀಖು. ಈಸ್ಟರ್ ಆಗಿ ಏಳು ವಾರಕ್ಕೆ ಪೆಂಟೆಕೊಸ್ಟ್ ಹಬ್ಬ ಬರುತ್ತದೆ. ಆಗ ಬವೇರಿಯಾ, ಬಾಡೆನ್ ವುರ್ಟೆಂಬರ್ಗ್ ಎರಡೂ ರಾಜ್ಯದ ಶಾಲೆಗಳಿಗೆ ಎರಡು ವಾರ ರಜೆ. ಇಲ್ಲಿಯ ಅರ್ಧ ಜನ ಮೋಟರ್‌ಹೋಮ್ ತೆಗೆದುಕೊಂಡು ಗಾರ್ಡಾ ಸರೋವರಕ್ಕೆ ಹೋಗುತ್ತಾರೆ. ಬ್ರೆನ್ನರ್ ಮೇಲೆ ಗಾಡಿಗಳ ಸಾಲು ನಿಲ್ಲುತ್ತದೆ, ಬಾಡಿಗೆಯೂ ಏರುತ್ತದೆ. ಮೊದಲು ಕ್ಯಾಲೆಂಡರ್ ನೋಡಿ. ಆ ಎರಡು ವಾರ ಶುರುವಾಗುವ ಮುಂಚೆ ಇಟಲಿ ಭಾಗ ಮುಗಿಸಿಕೊಳ್ಳಿ.

ವಿಮಾನ ಇಳಿದ ದಿನವೇ ಗಾಡಿ ತೆಗೆದುಕೊಳ್ಳಬೇಡಿ. ಒಂದು ರಾತ್ರಿ ಹೋಟೆಲಿನಲ್ಲಿ ಮಲಗಿ. ಗಾಡಿ ಒಪ್ಪಿಸುವವರು ಒಂದು ಗಂಟೆ ಎಲ್ಲ ತೋರಿಸಿ ಹೇಳುತ್ತಾರೆ. ನಿದ್ದೆಗೆಟ್ಟ ತಲೆಗೆ ಅದು ಹತ್ತುವುದಿಲ್ಲ. ಭಾನುವಾರ ಡಿಪೋಗಳು ಮುಚ್ಚಿರುತ್ತವೆ. ಶುಕ್ರವಾರ ತೆಗೆದುಕೊಂಡು, ಹತ್ತಿರದ ಕ್ಯಾಂಪಿನಲ್ಲಿ ಎರಡು ರಾತ್ರಿ ಇದ್ದು ಎಲ್ಲ ಜೋಡಿಸಿಕೊಳ್ಳಿ. ಶನಿವಾರ ಅಂಗಡಿ ಸಾಮಾನು ತುಂಬಿ, ಯಾಕೆಂದರೆ ಭಾನುವಾರ ಸೂಪರ್ ಮಾರ್ಕೆಟ್ಟೂ ಇಲ್ಲ. ನಿಮ್ಮ ಮೊದಲ ಉದ್ದದ ಡ್ರೈವ್ ಭಾನುವಾರ ಬೆಳಿಗ್ಗೆ ಇರಲಿ. ಜರ್ಮನಿಯಲ್ಲಿ ಭಾನುವಾರ ರಾತ್ರಿ 10ರವರೆಗೆ ದೊಡ್ಡ ಲಾರಿಗಳು ಓಡುವಂತಿಲ್ಲ. ರಸ್ತೆ ಅಷ್ಟು ನಿರಾಳ. ಬಲಗಡೆ ಓಡಿಸುವುದು ರೂಢಿಯಾಗಲು ಅದಕ್ಕಿಂತ ಒಳ್ಳೆಯ ದಿನವಿಲ್ಲ.

ನಿಮ್ಮ ಗೇರ್ ಬಲಗೈಗೆ ಬರುತ್ತದೆ. ಆಟೋಮ್ಯಾಟಿಕ್ ಸಿಕ್ಕರೆ ಸ್ವಲ್ಪ ಜಾಸ್ತಿ ಕೊಟ್ಟಾದರೂ ಅದನ್ನೇ ತೆಗೆದುಕೊಳ್ಳಿ. ಹಿಂದಿನ ಚಕ್ರದ ಆಚೆ ಗಾಡಿ ತುಂಬ ಉದ್ದ ಚಾಚಿರುತ್ತದೆ. ಎಡಕ್ಕೆ ಜೋರಾಗಿ ತಿರುಗಿಸಿದರೆ ಬಾಲ ಬಲಕ್ಕೆ ಬೀಸುತ್ತದೆ. ಪೆಟ್ರೋಲ್ ಬಂಕಿನ ಕಂಬದ ಪಕ್ಕ ಇದನ್ನು ಮರೆಯಬಾರದು. ರಿವರ್ಸ್ ಹಾಕುವಾಗ ಪ್ರತಿ ಸಲವೂ ಮಗ ಇಳಿದು ಹಿಂದೆ ನಿಲ್ಲಲಿ. ಗಾಡಿಯ ಎತ್ತರ, ಅಗಲ ಒಂದು ಚೀಟಿಯಲ್ಲಿ ಬರೆದು ಸ್ಟೇರಿಂಗ್ ಮುಂದೆ ಅಂಟಿಸಿ. ಎಷ್ಟೋ ವಿಮೆಗಳಲ್ಲಿ ಸೂರಿಗೆ, ಗಾಡಿಯ ತಳಕ್ಕೆ ಆದ ಪೆಟ್ಟು ಸೇರುವುದಿಲ್ಲ.

ತೂಕ. ಮೇಷ್ಟ್ರು ಹೇಳಿದ 3,500 ಕೆ.ಜಿ.ಯಲ್ಲಿ ಗಾಡಿಯೇ ಮೂರು ಸಾವಿರ ಹತ್ತಿರ ಇರುತ್ತದೆ. ನೀರಿನ ತೊಟ್ಟಿ ತುಂಬಿದರೆ 100 ಲೀಟರ್, ಅಂದರೆ 100 ಕೆ.ಜಿ. ನಾಲ್ಕು ಜನ, ಸೂಟ್‌ಕೇಸು, ಅಕ್ಕಿ ಮೂಟೆ ಸೇರಿದರೆ ಮಿತಿ ಬೇಗ ಬರುತ್ತದೆ. ಆಸ್ಟ್ರಿಯಾದಲ್ಲಿ ನಿಲ್ಲಿಸಿ ತೂಗುತ್ತಾರೆ, ದಂಡ ಹಾಕುತ್ತಾರೆ. ದೂರ ಹೋಗುವಾಗ ತೊಟ್ಟಿಯಲ್ಲಿ ಸ್ವಲ್ಪ ನೀರು ಸಾಕು. ಜಾಗ ತಲುಪಿದ ಮೇಲೆ ತುಂಬಿ.

ಹೆದ್ದಾರಿ ಸುಂಕ: ಜರ್ಮನಿಯಲ್ಲಿ ನಿಮ್ಮ ಗಾಡಿಗೆ ಇಲ್ಲ. ಆಸ್ಟ್ರಿಯಾಕ್ಕೆ ವಿನ್ಯೆಟ್, ಅಂದರೆ ಇಷ್ಟು ದಿನಕ್ಕೆ ಅಂತ ಕೊಳ್ಳುವ ಹೆದ್ದಾರಿ ಪಾಸ್, ಬೇಕು, 10 ದಿನದ್ದು ಸಿಗುತ್ತದೆ. ಗಡಿ ದಾಟುವ ಮುಂಚೆಯೇ ತೆಗೆದುಕೊಳ್ಳಿ. ನೀವು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಆಸ್ಟ್ರಿಯಾ ದಾಟುತ್ತೀರಿ, ಅದನ್ನು ಲೆಕ್ಕ ಹಾಕಿ. ಬ್ರೆನ್ನರ್ ಹೆದ್ದಾರಿಗೆ ಇದರ ಮೇಲೆ ಬೇರೆ ಸುಂಕ. ಇಟಲಿಯಲ್ಲಿ ಟೋಲ್ ಗೇಟಿನಲ್ಲಿ ಚೀಟಿ ಪಡೆದು ಇಳಿಯುವಾಗ ಕಟ್ಟಬೇಕು. ಹಳದಿ ಟೆಲಿಪಾಸ್ ಸಾಲಿಗೆ ನುಗ್ಗಬೇಡಿ, ಅದು ನಮ್ಮ ಫಾಸ್ಟ್‌ಟ್ಯಾಗ್ ತರಹದ ಸಾಧನ ಇರುವ ಗಾಡಿಗಳಿಗೆ. ಇಟಲಿಯ ಹಳೆಯ ಊರುಗಳ ಒಳಗೆ ಝಡ್‌ಟಿಎಲ್ (ZTL) ಅನ್ನುವ ಫಲಕ ಕಂಡರೆ ಗಾಡಿ ತಿರುಗಿಸಿ, ಅದು ಅನುಮತಿ ಇಲ್ಲದ ಗಾಡಿಗಳಿಗೆ ಪ್ರವೇಶವಿಲ್ಲದ ಜಾಗ. ಕ್ಯಾಮೆರಾ ಇರುತ್ತದೆ, ದಂಡ ನೀವು ತುಮಕೂರಿಗೆ ಬಂದ ಮೇಲೂ ಬಾಡಿಗೆ ಕಂಪನಿ ಮೂಲಕ ಬರುತ್ತದೆ.

ರಾತ್ರಿ ಎಲ್ಲಿ ಬೇಕಾದರೂ ನಿಲ್ಲಿಸಬಹುದು ಅಂತ ಕೆಲವರು ವೀಡಿಯೊಗಳಲ್ಲಿ ಹೇಳುತ್ತಾರೆ. ಹಾಗಿಲ್ಲ. ಒಂದೊಂದು ದೇಶಕ್ಕೆ ಒಂದೊಂದು ನಿಯಮ. ಮೊದಲ ಸಲ ಬರುವವರು ಕ್ಯಾಂಪಿಂಗ್ ಜಾಗದಲ್ಲೇ ಇರಿ, ಮಧ್ಯೆ ಒಂದೊಂದು ರಾತ್ರಿ ಸ್ಟೆಲ್‌ಪ್ಲಾಟ್ಸ್‌ನಲ್ಲಿ. ಅದು ಮೋಟರ್‌ಹೋಮ್‌ಗಳಿಗೆ ಅಂತಲೇ ಊರಿನವರು ಮಾಡಿರುವ ನಿಲುಗಡೆ, 10ರಿಂದ 20 ಯೂರೋ. ಪಾರ್ಕ್‌ಫೋರ್‌ನೈಟ್, ಕ್ಯಾಂಪರ್‌ಕಾಂಟ್ಯಾಕ್ಟ್ ಆ್ಯಪ್‌ಗಳಲ್ಲಿ ಎಲ್ಲ ಸಿಗುತ್ತದೆ. ಜರ್ಮನಿ, ಆಸ್ಟ್ರಿಯಾದ ಎಷ್ಟೋ ಕ್ಯಾಂಪುಗಳಲ್ಲಿ ಮಧ್ಯಾಹ್ನ 1ರಿಂದ 3 ವಿಶ್ರಾಂತಿ ಸಮಯ. ಗೇಟು ಹಾಕಿರುತ್ತಾರೆ. ಒಂದರ ಒಳಗೆ ತಲುಪಿ, ಇಲ್ಲವೇ ಮೂರರ ಮೇಲೆ ಹೋಗಿ.

ಈಗ ಟಾಯ್ಲೆಟ್. ಕೆಳಗೆ ಒಂದು ಪೆಟ್ಟಿಗೆ ಇರುತ್ತದೆ, ಹಿಡಿಯುವುದು 17ರಿಂದ 20 ಲೀಟರ್. ಹೊರಗಿನ ಬಾಗಿಲಿನಿಂದ ಎಳೆದು, ಸೂಟ್‌ಕೇಸಿನ ಹಾಗೆ ಗಾಲಿಯ ಮೇಲೆ ಉರುಳಿಸಿಕೊಂಡು, ಕ್ಯಾಂಪಿನಲ್ಲಿ ಅದಕ್ಕೆಂದೇ ಇರುವ ಜಾಗದಲ್ಲಿ ಸುರಿದು ತೊಳೆಯಬೇಕು. ನಾವು ನೀರು ಬಳಸುವವರು, ಹಾಗಾಗಿ ಬೇಗ ತುಂಬುತ್ತದೆ. ಹಗಲು ಕ್ಯಾಂಪಿನ ಟಾಯ್ಲೆಟ್, ರಾತ್ರಿ ಮಾತ್ರ ಗಾಡಿಯದ್ದು ಅಂತ ಇಟ್ಟುಕೊಂಡರೆ ಎರಡು ದಿನಕ್ಕೊಮ್ಮೆ ಖಾಲಿ ಮಾಡಿದರೆ ಸಾಕು. ಪಾತ್ರೆ ತೊಳೆದ ನೀರಿಗೆ ಬೇರೆ ತೊಟ್ಟಿ, ಅದನ್ನು ಸುರಿಯುವುದೂ ಬೇರೆ ಜಾಗ. ರಸ್ತೆಬದಿಯ ಚರಂಡಿಗೆ ಬಿಡಲೇಬಾರದು. ಬಿಸಿನೀರಿನ ಬಾಯ್ಲರ್ 10 ಲೀಟರ್ ಅಷ್ಟೇ, ಸ್ನಾನ ಕ್ಯಾಂಪಿನಲ್ಲೇ ಮಾಡಿ. ಅಲ್ಲಿ ಬಿಸಿನೀರು ಧಾರಾಳ, ಬಹಳ ಚೊಕ್ಕಟ.

ಮಾಲೂರು ಶಾರದಮ್ಮ

ಸುಮಾ, ನಿಮ್ಮತ್ತೆಯವರ ವಯಸ್ಸಿನವಳೇ ನಾನು. ಮಗಳು ಆಸ್ಟ್ರಿಯಾದಲ್ಲಿದ್ದಾಳೆ. ಅವರ ಇಂಥ ಗಾಡಿಯಲ್ಲಿ ಅಡುಗೆ ಮಾಡಿ ಗೊತ್ತು. ಒಲೆ ಬಗ್ಗೆ ಅತ್ತೆಗೆ ಧೈರ್ಯ ಹೇಳು. ಗ್ಯಾಸಿನ ಎರಡು ಮೂರು ಉರಿ ಇರುತ್ತದೆ, ಉರಿ ಸಣ್ಣದು. ಮೂರು ಲೀಟರಿನ ಕುಕ್ಕರ್ ಒಂದು ಹಿಡಿದುಕೊಂಡು ಹೋಗಿ. ದೊಡ್ಡದು ಕೂರುವುದಿಲ್ಲ. ಅಡುಗೆ ಮಾಡುವಾಗ ಸೂರಿನ ಕಿಂಡಿ ತೆಗೆದಿರಲಿ. ಚಳಿ ಅಂತ ಒಲೆ ಹಚ್ಚಿಕೊಂಡು ಕೂರಬಾರದು, ಅದಕ್ಕೆ ಬೇರೆ ಹೀಟರ್ ಇರುತ್ತದೆ.

ತುಪ್ಪ, ಖೋವಾ, ಪೇಡ, ಹಾಲಿನ ಪುಡಿ ಯಾವುದನ್ನೂ ತೆಗೆದುಕೊಂಡು ಹೋಗಬೇಡಿ. ಹಾಲಿನ ಪದಾರ್ಥ, ಮಾಂಸ ಎರಡೂ ಅಲ್ಲಿಯ ಕಸ್ಟಮ್ಸಿನಲ್ಲಿ ನಿಷೇಧ. ಆ ದೇಶಗಳಲ್ಲಿ ಬೆಣ್ಣೆ ಬಲು ಚೆನ್ನಾಗಿರುತ್ತದೆ. ಉಪ್ಪಿಲ್ಲದ ಬೆಣ್ಣೆ ಕೊಂಡು ಅತ್ತೆಯವರೇ ಗಾಡಿಯಲ್ಲಿ ಕಾಯಿಸಿಕೊಳ್ಳಲಿ. ಮೊಸರೂ ಒಳ್ಳೆಯದು ಸಿಗುತ್ತದೆ. ಹಸಿ ಕರಿಬೇವು, ಮಾವಿನಕಾಯಿ, ತರಕಾರಿ ಕೂಡ ಬಿಡುವುದಿಲ್ಲ. ಆದರೆ ತೆಂಗಿನಕಾಯಿಗೆ ಅಡ್ಡಿಯಿಲ್ಲ. ಅನಾನಸು, ಬಾಳೆ, ಖರ್ಜೂರ, ಡುರಿಯನ್, ತೆಂಗು, ಈ ಐದನ್ನು ಯಾವ ಪ್ರಮಾಣಪತ್ರವೂ ಇಲ್ಲದೆ ಬಿಡುತ್ತಾರೆ. ನಿಮ್ಮದು ತೆಂಗಿನ ಸೀಮೆ ಅಲ್ವಾ, ಸುಲಿದ ಕಾಯಿ ಎರಡು ಮೂರು ಇಟ್ಟುಕೊಳ್ಳಿ. ತಿಪಟೂರು ಕೊಬ್ಬರಿ ಮಾತ್ರ ಬೇಡ. ಒಣ ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ತಾನೇ ಕಾದು ಬೆಂಕಿ ಹತ್ತುವ ಪದಾರ್ಥ ಅಂತ ವಿಮಾನದ ಲಗೇಜಿನಲ್ಲಿ ಬಿಡುವುದಿಲ್ಲ.

ರಾಗಿ ಹಿಟ್ಟು, ಸಾರಿನ ಪುಡಿ, ತೊಗರಿಬೇಳೆ, ಹುರಿಗಡಲೆ, ಅವಲಕ್ಕಿ, ಹುಣಸೆ, ಹುರಿಹಿಟ್ಟು ಇವೆಲ್ಲ ಆಗುತ್ತದೆ. ಪ್ಯಾಕೆಟ್ ಮಾಡಿಸಿ ಹೆಸರು ಅಂಟಿಸಿ. ಕರಿಬೇವು ಹುರಿದು ಚಟ್ನಿಪುಡಿಗೆ ಹಾಕಿಬಿಡಿ. ತರಕಾರಿ ಅಲ್ಲೇ. ಮೇ ತಿಂಗಳಲ್ಲಿ ಜರ್ಮನಿಯ ರಸ್ತೆಬದಿಯಲ್ಲಿ ಬಿಳಿ ಆಸ್ಪ್ಯಾರಗಸ್ ರಾಶಿ ಹಾಕಿಕೊಂಡು ಮಾರುತ್ತಾರೆ. ಜೂನ್ 24ಕ್ಕೆ ಅದರ ಕಾಲ ಮುಗಿಯಿತು ಅಂತ ಲೆಕ್ಕ. ಸಿಪ್ಪೆ ತೆಗೆದು, ಕಾಯಿತುರಿ ಹಾಕಿ ಪಲ್ಯ ಮಾಡಿ. ನುಗ್ಗೆಕಾಯಿ ಇಲ್ಲದ ಕೊರತೆ ಕಾಣುವುದಿಲ್ಲ.

ಮಿಕ್ಸಿ ಕ್ಯಾಂಪಿನ ಕರೆಂಟಿಗೆ ಹಾಕಿದಾಗ ಮಾತ್ರ ತಿರುಗುತ್ತದೆ. ನಮ್ಮ ಮೂರು ಕಡ್ಡಿಯ ಪ್ಲಗ್ಗಿಗೆ ಅಡಾಪ್ಟರ್ ಬೇಕು. ಇಂಡಕ್ಷನ್ ಒಲೆ, ದೊಡ್ಡ ಕೆಟಲ್ ಒಯ್ಯಬೇಡಿ. ಎಷ್ಟೋ ಕ್ಯಾಂಪುಗಳಲ್ಲಿ 6 ಆಂಪಿಯರ್ ಕೊಡುತ್ತಾರೆ, ಅಂದರೆ 1,380 ವ್ಯಾಟ್. ಅದಕ್ಕಿಂತ ಮೇಲೆ ಹೋದರೆ ಟ್ರಿಪ್ ಆಗುತ್ತದೆ. ಗ್ಯಾಸಿನಲ್ಲೇ ಕಾಯಿಸಿಕೊಳ್ಳಿ.

ಶಿರಾಗೇಟ್ ಸುಮಾ, ತುಮಕೂರು

ಎಲ್ಲರಿಗೂ ಹೃದಯಪೂರ್ವಕ ಧನ್ಯವಾದ. ರಾತ್ರಿ ಊಟ ಆದ ಮೇಲೆ ಪೂರ್ತಿ ಅತ್ತೆಗೆ ಓದಿ ಹೇಳಿದೆ. ತೆಂಗಿನಕಾಯಿ ಬಿಡುತ್ತಾರೆ ಅಂದಿದ್ದಕ್ಕೆ ಅವರಿಗೆ ಬಹಳ ಸಮಾಧಾನ. ಬೆಣ್ಣೆ ಕಾಯಿಸುವ ಕೆಲಸ ತನ್ನದೇ ಅಂದರು. ಮಗ ರೋಮ್, ಪ್ಯಾರಿಸ್ ಹೊಡೆದುಹಾಕಿ ರೆಶೆನ್, ತ್ಸುಗ್‌ಶ್ಪಿಟ್ಸೆ ಬರೆದುಕೊಂಡಿದ್ದಾನೆ. ನಾವು ಮ್ಯೂನಿಕ್‌ನಿಂದಲೇ ಹೋಗುತ್ತೇವೆ. ಪೆಂಟೆಕೊಸ್ಟ್ ರಜೆ ನೋಡಿಕೊಂಡು ಮೊದಲು ಇಟಲಿ, ಆಮೇಲೆ ಸಾಲ್ಸ್‌ಬರ್ಗ್ ಕಡೆ ತಿರುಗಿಸುವ ಯೋಚನೆ ಇದೆ. ಟಾಯ್ಲೆಟ್ ಪೆಟ್ಟಿಗೆಯ ಹೊಣೆ ಯಜಮಾನರು ವಹಿಸಿಕೊಂಡಿದ್ದಾರೆ.

ಇನ್ನೊಂದೇ ಪ್ರಶ್ನೆ. ಅತ್ತೆ ದಿನಾ ಬೆಳಗಿನ ಜಾವ ನಾಲ್ಕೂವರೆಗೆ ಏಳುತ್ತಾರೆ. ಸ್ನಾನ ಮಾಡಿ ದೀಪ ಹಚ್ಚಿ ಊದುಬತ್ತಿ ಬೆಳಗಬೇಕು. ಗಾಡಿಯೊಳಗೆ ಇದಕ್ಕೆ ಅವಕಾಶ ಇದೆಯಾ? ಕ್ಯಾಂಪಿನಲ್ಲಿ ಯಾರಾದರೂ ಆಕ್ಷೇಪ ಮಾಡುತ್ತಾರಾ?

ಕೆಜಿಎಫ್ ಹುಡುಗ, ಈಗ ಉಲ್ಮ್

ಅಕ್ಕ, ಗಾಡಿಯೊಳಗೆ ಬೇಡ. ಗ್ಯಾಸ್ ಸಿಲಿಂಡರ್ ಪಕ್ಕದಲ್ಲೇ ಇರುತ್ತದೆ, ಪರದೆ, ಹಾಸಿಗೆ ಎಲ್ಲ ಕೈಗೆ ತಾಗುವಷ್ಟು ಹತ್ತಿರ. ಬಾಡಿಗೆ ಕರಾರಿನಲ್ಲಿ ಹೊಗೆ ಮಾಡಬಾರದು ಅಂತ ಇರುತ್ತದೆ. ಊದುಬತ್ತಿಯ ವಾಸನೆ ಬಟ್ಟೆಗೆ ಹಿಡಿದರೂ ಶುಚಿ ಮಾಡಿಸಿದ ದುಡ್ಡು ಠೇವಣಿಯಲ್ಲಿ ಕಳೆಯುತ್ತಾರೆ. ಗಾಡಿ ಜೊತೆ ಮಡಚುವ ಮೇಜು, ಕುರ್ಚಿ ಕೊಡುತ್ತಾರೆ, ಕೊಡದಿದ್ದರೆ ಕೇಳಿ ಬಾಡಿಗೆಗೆ ತೆಗೆದುಕೊಳ್ಳಿ. ಆ ಮೇಜನ್ನು ಹೊರಗೆ ಪೂರ್ವಕ್ಕೆ ಹಾಕಿ, ಗಾಳಿಗೆ ಆರದ ಹಾಗೆ ಗಾಜಿನ ಬುರುಡೆಯೊಳಗೆ ದೀಪ ಇಡಿ. ಒಣಹುಲ್ಲಿನ ಕಾಲದಲ್ಲಿ ಬಯಲಲ್ಲಿ ಬೆಂಕಿ ಬೇಡ ಅನ್ನುವ ಕ್ಯಾಂಪುಗಳೂ ಇವೆ, ಬಂದ ಕೂಡಲೇ ಕಚೇರಿಯಲ್ಲಿ ಒಂದು ಮಾತು ಕೇಳಿಬಿಡಿ.

ಕ್ಯಾಂಪುಗಳಲ್ಲಿ ರಾತ್ರಿ 10ರಿಂದ ಬೆಳಿಗ್ಗೆ ಏಳರ ತನಕ ನಿಶ್ಶಬ್ದ. ಆದರೆ ಸ್ನಾನದ ಮನೆಗೆ ಹೋಗಿ ಬರುವುದಕ್ಕೆ ಯಾರೂ ಏನೂ ಅನ್ನುವುದಿಲ್ಲ. ಗಾಡಿಯ ಬಾಗಿಲು ಪದೇ ಪದೇ ಹಾಕಿ ತೆಗೆಯುವುದು, ಮಿಕ್ಸಿ, ಕುಕ್ಕರ್ ಸೀಟಿ ಇವು ಮಾತ್ರ ಏಳರ ಮೇಲೆ. ಸ್ನಾನದ ಮನೆ ಹತ್ತಿರದ ಜಾಗವೇ ಬೇಕು ಅಂತ ಬುಕ್ ಮಾಡುವಾಗ ಬರೆಯಿರಿ, ಕಾರಣಕ್ಕೆ ಅತ್ತೆಯ ವಯಸ್ಸನ್ನೂ ಬರೆಯಿರಿ. ನಾಲ್ಕೂವರೆಗೆ ಹೊರಗೆ ಚಳಿ ಇರುತ್ತದೆ, ಮೇನಲ್ಲೂ ಐದಾರು ಡಿಗ್ರಿಗೆ ಇಳಿಯುತ್ತದೆ. ಸ್ವೆಟರ್, ಕಾಲುಚೀಲ, ಜಾರದ ಚಪ್ಪಲಿ ಇರಲಿ. ಮೇ ಮಧ್ಯಕ್ಕೆ ಐದೂವರೆಗೆಲ್ಲ ಸೂರ್ಯ ಹುಟ್ಟುತ್ತಾನೆ. ಅಷ್ಟು ಹೊತ್ತು ಕಾಯಲು ಅವರು ಒಪ್ಪಿದರೆ ಇನ್ನೂ ಅನುಕೂಲ.

ಕರ್ಪೂರ ಊರಲ್ಲೇ ಬಿಟ್ಟು ಬನ್ನಿ, ಅದು ಬೆಂಕಿ ಹತ್ತುವ ವಸ್ತು ಅಂತ ವಿಮಾನಕ್ಕೆ ಬಿಡುವುದಿಲ್ಲ. ಬತ್ತಿ, ಹಿತ್ತಾಳೆಯ ಸಣ್ಣ ದೀಪ ತನ್ನಿ. ಎಣ್ಣೆ, ಬೆಂಕಿಪೊಟ್ಟಣ ಇಲ್ಲೇ ಸೂಪರ್ ಮಾರ್ಕೆಟ್ಟಿನಲ್ಲಿ ಸಿಗುತ್ತದೆ. ಶನಿವಾರದ ಪಟ್ಟಿಯಲ್ಲಿ ಬರೆದುಕೊಳ್ಳಿ.